ತೆಳು ಕವರಿನ ದಾರ, ಬಾಳಿಕೆಯ ಹೆಣಿಗೆ

ಬಳಸಿ ಬಿಟ್ಟ ಪ್ಲಾಸ್ಟಿಕ್ ಕವರುಗಳಿಂದ ಏನಾದರೂ ಮಾಡಬೇಕೆಂದು ಹೊರಡುವವರ ಕಣ್ಣಿಗೆ ಮೊದಲು ಬೀಳುವುದು ಹೂವು, ಹಾರ, ತೋರಣ, ಗೋಡೆಗೆ ತೂಗುಹಾಕುವ ಗೊಂಡೆಗಳು. ಇವನ್ನು ಮಾಡುವುದು ಸುಲಭ, ಹೊಸದರಲ್ಲಿ ನೋಡಲೂ ಚೆಂದ. ಆದರೆ ಸ್ವಲ್ಪ ಕಾಲದಲ್ಲಿಯೇ ಎಸಳುಗಳ ಸಂದಿಗೆ ದೂಳು ಸೇರಿ, ಒಳಗಿನ ತಂತಿ ತುಕ್ಕು ಹಿಡಿದು, ಅಂಟು ಬಿಟ್ಟು ಅವು ಕಸದ ಬುಟ್ಟಿಗೆ ಹೋಗುತ್ತವೆ. ತಂತಿ, ಅಂಟು, ಬಣ್ಣ ಎಲ್ಲವೂ ಬೆರೆತ ಆ ಕಸವನ್ನು ಗುಜರಿಯವರು ಕೊಳ್ಳುವುದಿಲ್ಲ. ಹೀಗಾಗಿ, ಮೊದಲು ಬರಿಯ ಕವರಾಗಿದ್ದದ್ದು ನಮ್ಮ ಕೈಯ ಶ್ರಮ ಸೇರಿದ ಮೇಲೆ ಇನ್ನಷ್ಟು ನಿರುಪಯುಕ್ತವಾಗುತ್ತದೆ. ಈ ಕಾರಣಕ್ಕೆ ನಾನು ಕವರುಗಳಿಂದ ಅಲಂಕಾರದ ವಸ್ತುಗಳನ್ನು ಮಾಡುವುದಿಲ್ಲ. ನೆಲಕ್ಕೆ ಹಾಸುವ ಚಾಪೆ, ಸಂತೆಗೆ ಒಯ್ಯುವ ಚೀಲ, ತೋಟದಲ್ಲಿ ಕೂರಲು ಮಣೆಯಷ್ಟಗಲದ ಆಸನ ಇಂಥ, ವರ್ಷಗಟ್ಟಲೆ ದುಡಿಯುವ ವಸ್ತುಗಳನ್ನು ಮಾತ್ರ, ಕವರನ್ನು ದಾರವಾಗಿಸಿ ಕ್ರೋಶಾದಲ್ಲಿ, ಅಂದರೆ ಕೊಕ್ಕೆಯಿರುವ ಒಂದೇ ಸೂಜಿಯಿಂದ, ಹೆಣೆಯುತ್ತೇನೆ. ಈ ಬರಹದಲ್ಲಿ ಅದರ ಕ್ರಮವನ್ನು, ಅದರ ಹಿಂದಿನ ವಿಚಾರವನ್ನು ಸಾಧ್ಯವಾದಷ್ಟು ವಿವರವಾಗಿ ಹೇಳಲು ಬಯಸುತ್ತೇನೆ.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ ಕೈಚೀಲದ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೆ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೆ ಏರಿತು. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ಆದರೂ ಹೂವಿನವರ ಬಳಿ, ತರಕಾರಿ ಗಾಡಿಯಲ್ಲಿ, ಮೀನು ಮಾರುವಲ್ಲಿ ಉಸಿರು ತಾಗಿದರೆ ಹಾರುವಷ್ಟು ತೆಳುವಾದ ಕವರುಗಳು ಇಂದಿಗೂ ಸಿಗುತ್ತವೆ. ಅದರ ಜೊತೆಗೆ ಬಟ್ಟೆಯಂಗಡಿಯ ಕವರು, ಕೊರಿಯರ್ ಕವರು, ಬ್ರೆಡ್ಡಿನ ಕವರು, ಬೇಳೆ ಸಕ್ಕರೆ ತುಂಬಿ ಬಂದ ಪೊಟ್ಟಣ ಮನೆಗೆ ಬರುತ್ತಲೇ ಇರುತ್ತವೆ. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಬಚ್ಚಲ ಒಲೆಗೆ ಬೆಂಕಿ ಹಿಡಿಸಲು ಕವರು ಬಳಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಂಡೆಯ ನೀರು ಕಾಯುವಷ್ಟು ಹೊತ್ತಿನಲ್ಲಿ ಆ ಹೊಗೆ ಮನೆಯ ಹೆಣ್ಣುಮಕ್ಕಳ, ಮಕ್ಕಳ ಎದೆಗೂಡು ಸೇರುತ್ತದೆ. ನಾನು ಕವರು ಕೂಡಿಡುವುದನ್ನು ನೋಡಿದ ನೆರೆಮನೆಯವರು ಒಮ್ಮೆ ಒಂದು ಗಂಟು ತಂದುಕೊಟ್ಟು, "ಅಕ್ಕಾರ, ಇವನ್ನ ನೀವ ಇಟ್ಕೋರಿ, ನಮ್ಮನ್ಯಾಗ ಬರೇ ಒಲಿ ಹೊತ್ತಸಾಕ ಹೋಗ್ತಾವ" ಎಂದರು. ಒಲೆಗೆ ಹೋಗಬಹುದಾಗಿದ್ದ ಆ ಗಂಟಿನ ಕವರುಗಳೆಲ್ಲ ಈಗ ಒಂದು ಚಾಪೆಯಲ್ಲಿವೆ ಎಂಬುದು ನನಗೆ ಬಹಳ ಸಮಾಧಾನದ ಸಂಗತಿ.

ಎಲ್ಲ ಕವರೂ ಈ ಕೆಲಸಕ್ಕೆ ಒದಗುವುದಿಲ್ಲ. ವಿಂಗಡಿಸುವ ಕೆಲಸವನ್ನು ಆತುರಪಡದೆ ಮಾಡಬೇಕು, ಏಕೆಂದರೆ ಹೆಣೆದ ವಸ್ತು ಎಷ್ಟು ಬಾಳುತ್ತದೆ ಎಂಬುದು ಬಹುಪಾಲು ಇಲ್ಲಿಯೇ ನಿರ್ಧಾರವಾಗುತ್ತದೆ. ಕೈಯಲ್ಲಿ ಹಿಸುಕಿದರೆ ಗರಗರ ಸದ್ದು ಮಾಡುವ, ಹೊಳಪಿಲ್ಲದ ತೆಳು ಕವರು ಹೆಚ್ಚು ಸಾಂದ್ರತೆಯ ಪಾಲಿಥಿನ್. ಸದ್ದಿಲ್ಲದೆ ಮೆತ್ತಗಿದ್ದು, ಎಳೆದರೆ ರಬ್ಬರಿನಂತೆ ಹಿಗ್ಗುವ ಹೊಳಪಿನ ಕವರು ಕಡಿಮೆ ಸಾಂದ್ರತೆಯ ಪಾಲಿಥಿನ್. ಇವೆರಡೂ ಕ್ರೋಶಾ ಹೆಣಿಗೆಗೆ ಒಗ್ಗುತ್ತವೆ, ಆದರೆ ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿದರೆ ಒಂದು ಹಿಗ್ಗಿ ಇನ್ನೊಂದು ಹಿಗ್ಗದೆ ಅಂಚು ಅಲೆಅಲೆಯಾಗುತ್ತದೆ. ಬಟ್ಟೆಯಂತೆ ಕಾಣುವ, ಈಚೆಗೆ ಎಲ್ಲ ಅಂಗಡಿಗಳಲ್ಲಿ ಕೊಡುವ ಚೀಲ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್ ಎಳೆಗಳನ್ನು ಒತ್ತಿ ಮಾಡಿದ ಹಾಳೆ. ಪಟ್ಟಿ ಕತ್ತರಿಸಿದರೆ ಅದರ ನಾರು ಉದುರುತ್ತದೆ, ಆದ್ದರಿಂದ ಅದನ್ನು ಹೆಣಿಗೆಗೆ ಬಳಸುವುದಿಲ್ಲ. ಮಣ್ಣಿನಲ್ಲಿ ಕರಗುತ್ತದೆ ಎಂದು ಬರೆದಿರುವ ಹಸಿರು ಕವರುಗಳನ್ನೂ ನಾನು ದೂರವಿಡುತ್ತೇನೆ. ಅವು ಶಿಥಿಲವಾಗಲೆಂದೇ ತಯಾರಾದವು, ಅವುಗಳಿಂದ ಬಾಳಿಕೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಕೈಯಲ್ಲಿ ಉಜ್ಜಿದಾಗ ಬಿಳಿ ಪುಡಿಯಾಗಿ ಉದುರುವ ಹಳೆಯ ಕವರು ಈಗಾಗಲೇ ಆಯುಷ್ಯ ಮುಗಿಸಿದೆ. ಅದು ಒಣಕಸಕ್ಕೆ ಹೋಗಲಿ.

ಹಾಲಿನ ಕವರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ಹಾಲಿನ ಕವರುಗಳನ್ನು ತೊಳೆದು, ಪಟ್ಟಿಗಳಾಗಿ ಮಡಚಿ, ಒಂದಕ್ಕೊಂದು ಸಿಕ್ಕಿಸಿ ಚಾಪೆ, ಬುಟ್ಟಿ ಮಾಡುವುದು ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ನಡೆದುಬಂದ ಕಲೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹಾಲಿನ ಕವರು ದಪ್ಪವಾಗಿದ್ದು, ಶುದ್ಧ ಪಾಲಿಥಿನ್ ಆಗಿರುವುದರಿಂದ ಗುಜರಿ ಅಂಗಡಿಯಲ್ಲಿ ಅದಕ್ಕೆ ಬೆಲೆ ಇದೆ, ಮರುಬಳಕೆಯ ಕಾರ್ಖಾನೆಗೆ ಅದು ಹೋಗಿಯೇ ಹೋಗುತ್ತದೆ. ತೊಳೆದು ಒಣಗಿಸಿ ಕೊಟ್ಟರೆ ಸಾಕು. ತೆಳು ಕವರಿನ ಸ್ಥಿತಿ ಹಾಗಲ್ಲ. ಅಂಥ ಒಂದು ಕವರಿನ ತೂಕ ಐದಾರು ಗ್ರಾಂ. ಒಂದು ಕಿಲೋ ಕೂಡಿಸಲು ಬೀದಿಯಲ್ಲಿ ಕಸ ಆಯುವವರು ಸುಮಾರು 200 ಬಾರಿ ಬಾಗಬೇಕು, ಅದರ ಮೇಲೆ ಆ ಕವರಿಗೆ ಮಣ್ಣು, ಎಣ್ಣೆ, ಅನ್ನ ಮೆತ್ತಿರುತ್ತದೆ. ಅವರು ಅದನ್ನು ಬಿಟ್ಟು ಮುಂದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಉಳಿದದ್ದೇ ಚರಂಡಿ ಕಟ್ಟಿಕೊಳ್ಳುವಂತೆ ಮಾಡುವುದು, ದನದ ಹೊಟ್ಟೆ ಸೇರುವುದು. ನಮ್ಮ ಕೈಗೆಲಸ ಯಾರೂ ಕೊಳ್ಳದ ಆ ತೆಳು ಕವರನ್ನೇ ಹಿಡಿಯಬೇಕು ಎಂಬುದು ನನ್ನ ನಿಲುವು.

ವಿಂಗಡಿಸಿದ ಕವರುಗಳನ್ನು ಸೋಪಿನ ನೀರಿನಲ್ಲಿ ಅದ್ದಿ, ಒಳಮಗ್ಗಲು ಹೊರಗೆ ಮಾಡಿ ತೊಳೆದು, ನೆರಳಿನಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಬೇಕು. ಮೀನು, ಮಾಂಸ, ಔಷಧಿ, ಕ್ರಿಮಿನಾಶಕ ತುಂಬಿದ್ದ ಕವರುಗಳನ್ನು ನಾನು ತೊಳೆಯುವುದೇ ಇಲ್ಲ. ತೇವ ಉಳಿದರೆ ಹೆಣೆದ ಮೇಲೆ ವಾಸನೆ ಬರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಈ ಹಂತಕ್ಕೆ ಹೆಚ್ಚು ತಾಳ್ಮೆ ಬೇಕು.

ಕವರನ್ನು ದಾರವಾಗಿಸುವ ಕೆಲಸ ಅದರ ರಚನೆಯಿಂದಾಗಿಯೇ ಸುಲಭವಾಗಿದೆ. ಕೈ ಹಿಡಿಕೆಯ ಈ ಕವರಿನ ವಿನ್ಯಾಸ ಸ್ವೀಡನ್ನಿನ ಸೆಲೊಪ್ಲಾಸ್ಟ್ ಕಂಪನಿಯ ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಎಂಜಿನಿಯರರದು, ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ಪಾಲಿಥಿನ್ನಿನ ಚಪ್ಪಟೆ ಕೊಳವೆಯೊಂದನ್ನು ತೆಗೆದುಕೊಂಡು, ತಳವನ್ನು ಬಿಸಿಯಿಂದ ಬೆಸೆದು, ಮೇಲ್ಭಾಗದಲ್ಲಿ ಹಿಡಿಕೆಯ ಆಕಾರ ಕತ್ತರಿಸಿದರೆ ಅಂಟು ಹೊಲಿಗೆ ಏನೂ ಇಲ್ಲದೆ ಚೀಲ ಸಿದ್ಧ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲೆಂಬುದು ತಮ್ಮ ತಂದೆಯ ಆಶಯವಾಗಿತ್ತು, ಅವರು ಮಡಚಿದ ಕವರೊಂದನ್ನು ಸದಾ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದರು ಎಂದು ಥುಲಿನ್ ಅವರ ಮಗ ಮುಂದೊಮ್ಮೆ ನೆನೆದಿದ್ದಾರೆ. ಒಂದೇ ಸಲ ಬಳಸಿ ಎಸೆಯುವ ಅಭ್ಯಾಸ ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಇರಲಿಲ್ಲ ಎಂದು ತಿಳಿದ ದಿನ ಈ ಕೆಲಸದ ಮೇಲಿನ ನನ್ನ ಪ್ರೀತಿ ಹೆಚ್ಚಾಯಿತು.

ಕವರು ಮೂಲತಃ ಕೊಳವೆಯಾಗಿರುವುದರಿಂದ ಅದನ್ನು ಅಡ್ಡಲಾಗಿ ಕತ್ತರಿಸಿದರೆ ಪಟ್ಟಿಯ ಬದಲು ಬಳೆಯಂಥ ಕುಣಿಕೆ ಸಿಗುತ್ತದೆ. ಮೊದಲು ಕವರನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಬದಿಯ ಮಡಿಕೆಗಳನ್ನು ಸರಿಪಡಿಸಿ, ಉದ್ದಕ್ಕೆ ಎರಡು ಮೂರು ಬಾರಿ ಮಡಚಬೇಕು. ಮೇಲಿನ ಹಿಡಿಕೆಗಳನ್ನೂ ಕೆಳಗಿನ ಬೆಸುಗೆಯ ಅಂಚನ್ನೂ ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಒಂದೊಂದು ಇಂಚಿನ ಅಗಲಕ್ಕೆ ಕತ್ತರಿಸುತ್ತಾ ಹೋಗಬೇಕು. ಕತ್ತರಿ ಹರಿತವಾಗಿರಲಿ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಉಳಿದರೂ ಎಳೆದಾಗ ಪಟ್ಟಿ ಅಲ್ಲಿಂದಲೇ ಹರಿಯುತ್ತದೆ. ಒಂದು ಕುಣಿಕೆಯನ್ನು ಇನ್ನೊಂದರ ಮೇಲಿಟ್ಟು, ಅದರದೇ ಬಾಯೊಳಗಿಂದ ತೂರಿಸಿ ಮೆಲ್ಲಗೆ ಎಳೆದರೆ ಎರಡೂ ಗಂಟುಬೀಳುತ್ತವೆ. ಮಕ್ಕಳು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಸೇರಿಸಿ ಆಡುವ ಕ್ರಮವೇ ಇದು. ರಭಸದಿಂದ ಎಳೆದರೆ ಕುಣಿಕೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಗಂಟು ದಪ್ಪವಾಗಿ ಸೂಜಿಗೆ ಸಿಕ್ಕಿಬೀಳುತ್ತದೆ. 12 ಇಂಚು ಅಗಲ, ಹಿಡಿಕೆ ತೆಗೆದ ಮೇಲೆ 14 ಇಂಚು ಎತ್ತರ ಉಳಿಯುವ ಕವರಿನಿಂದ 14 ಕುಣಿಕೆಗಳು ಸಿಗುತ್ತವೆ; ಗಂಟಿಗೆ ಹೋಗುವುದನ್ನು ಕಳೆದರೆ ಸುಮಾರು 12 ಅಡಿ ಉದ್ದದ ಜೋಡಿ ಎಳೆಯ ದಾರ. ಅದನ್ನು ನೂಲಿನಂತೆ ಉಂಡೆ ಸುತ್ತಿಡುತ್ತೇನೆ, ಬಣ್ಣಕ್ಕೊಂದು ಉಂಡೆ.

ಕತ್ತರಿಸುವಾಗ ಉಳಿಯುವ ಚೂರುಗಳನ್ನು ಗುಡಿಸಿ ಹೊರಗೆ ಹಾಕಬಾರದು. ಹಿಡಿಕೆ, ಬೆಸುಗೆಯ ಅಂಚು ಎಲ್ಲವನ್ನೂ ಒಂದು ಗಟ್ಟಿ ಕವರಿನಲ್ಲಿ ಒತ್ತಿ ತುಂಬಿ, ತುಂಬಿದ ಮೇಲೆ ಒಣಕಸದವರಿಗೆ ಕೊಡುತ್ತೇನೆ. ಸಣ್ಣ ಚೂರು ಇಡೀ ಕವರಿಗಿಂತ ಬೇಗ ಮಣ್ಣಿಗೆ, ನೀರಿಗೆ ಸೇರುತ್ತದೆ ಎಂಬ ಎಚ್ಚರ ಈ ಕೈಗೆಲಸ ಮಾಡುವ ಎಲ್ಲರಿಗೂ ಇರಬೇಕು.

ಕ್ರೋಶಾ ಹಾಕುವುದನ್ನು ನನಗೆ ಕಲಿಸಿದವರು ಅವ್ವ. ಬಾಗಿಲ ತೋರಣ, ಟೀಪಾಯಿಯ ಮೇಲಿನ ವಸ್ತ್ರ, ಸೆರಗಿನ ಅಂಚು ಇವೆಲ್ಲವನ್ನೂ ಅವರು ಬಿಳಿ ನೂಲಿನಲ್ಲಿ ಹೆಣೆಯುತ್ತಿದ್ದರು, ಅವರ ಸೂಜಿ ಊದಿನಕಡ್ಡಿಗಿಂತ ತೆಳು. ಕವರಿನ ದಾರಕ್ಕೆ ಅದು ಸಾಲದು. ಚೀಲಕ್ಕೆ 6 ಮಿಲಿಮೀಟರಿನ ಸೂಜಿ, ಚಾಪೆಗೆ 8ರಿಂದ 10 ಮಿಲಿಮೀಟರಿನದು ಬೇಕಾಗುತ್ತದೆ. ನುಣುಪಾದ ಲೋಹದ ಸೂಜಿಯ ಮೇಲೆ ಪ್ಲಾಸ್ಟಿಕ್ ಸರಾಗವಾಗಿ ಜಾರುತ್ತದೆ. ಹೊಲಿಗೆಯಲ್ಲಿ ಹೊಸತೇನೂ ಇಲ್ಲ: ಮೊದಲ ಸಾಲು ಚೈನು, ಅಂದರೆ ಒಂದರೊಳಗಿಂದ ಒಂದು ಎಳೆದ ಕುಣಿಕೆಗಳ ಸರಪಳಿ; ಮುಂದಿನ ಸಾಲುಗಳೆಲ್ಲ ಸಿಂಗಲ್ ಕ್ರೋಶಾ, ಅಂದರೆ ಗಿಡ್ಡನೆಯ ಒತ್ತು ಹೊಲಿಗೆ. ನೂಲಿನಲ್ಲಿ ಚೆಂದ ಕಾಣುವ ಜಾಲರಿಯ ವಿನ್ಯಾಸಗಳು ಇಲ್ಲಿ ಬೇಡ, ಏಕೆಂದರೆ ತೂತು ಹೆಚ್ಚಾದಷ್ಟೂ ವಸ್ತು ಜೋತುಬೀಳುತ್ತದೆ. ಕೈ ಸ್ವಲ್ಪ ಸಡಿಲವಿರಲಿ. ನೂಲಿನಂತೆ ಬಿಗಿಯಾಗಿ ಎಳೆದರೆ ಮಣಿಕಟ್ಟು ನೋಯುತ್ತದೆ.

ಎಷ್ಟು ಕವರು ಬೇಕು ಎಂದು ಕೇಳುವವರಿಗೆ ಒಂದು ಅಂದಾಜು ಹೇಳಬಲ್ಲೆ. ಅಮೆರಿಕದ ಹಲವು ಊರುಗಳಲ್ಲಿ ಸ್ವಯಂಸೇವಕರು ಮನೆಯಿಲ್ಲದವರಿಗೆ ಮಲಗಲು ಇದೇ ಕ್ರಮದಲ್ಲಿ ಚಾಪೆ ಹೆಣೆದು ಕೊಡುತ್ತಾರೆ, ಆರು ಅಡಿ ಉದ್ದದ ಅಂಥ ಒಂದು ಚಾಪೆಗೆ 500ರಿಂದ 700 ಕವರುಗಳು ಹಿಡಿಯುತ್ತವೆ. ಈ ಲೆಕ್ಕದಲ್ಲಿ ಬಾಗಿಲ ಮುಂದಿನ ಕಾಲೊರಸಿನ ಅಳತೆಯ ಚಾಪೆಗೆ ನೂರರ ಆಸುಪಾಸು ಬೇಕು. ಪ್ಲಾಸ್ಟಿಕ್ ನೀರನ್ನು ಹೀರುವುದಿಲ್ಲವಾದ್ದರಿಂದ ತಂಪು ನೆಲದ ತೇವ ಮೇಲೆ ಏರುವುದಿಲ್ಲ, ಎರಡು ಪದರದ ನಡುವೆ ಸಿಕ್ಕಿದ ಗಾಳಿ ಮೆತ್ತೆಯಂತೆ ಒದಗುತ್ತದೆ. ಹೊಲದಲ್ಲಿ, ಉದ್ಯಾನದಲ್ಲಿ, ಜಾತ್ರೆಯ ಬಯಲಿನಲ್ಲಿ ಕೂರಲು ಇದಕ್ಕಿಂತ ಹಗುರವಾದ ಹಾಸು ನಾನು ಕಂಡಿಲ್ಲ. ಆದರೆ ಬಚ್ಚಲ ಬಾಗಿಲಲ್ಲಿ, ನುಣುಪಾದ ಗ್ರಾನೈಟ್ ನೆಲದ ಮೇಲೆ ಇದನ್ನು ಹಾಸಬೇಡಿ. ಒದ್ದೆ ಕಾಲಿಗೆ ಅದು ಜಾರುತ್ತದೆ, ಮನೆಯಲ್ಲಿ ಹಿರಿಯರಿದ್ದರೆ ಅಪಾಯ.

ಚೀಲ ಹೆಣೆಯುವಾಗ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹಿಡಿಕೆಯ ಬಗ್ಗೆ. ಪಾಲಿಥಿನ್ನಿಗೆ ಭಾರ ಬಿದ್ದಷ್ಟು ಹೊತ್ತೂ ಮೆಲ್ಲಮೆಲ್ಲನೆ ಹಿಗ್ಗುತ್ತಾ ಹೋಗುವ ಗುಣವಿದೆ, ಭಾರ ಇಳಿಸಿದ ಮೇಲೂ ಅದು ಪೂರ್ತಿ ಹಿಂದಿನ ಅಳತೆಗೆ ಬರುವುದಿಲ್ಲ. ಹಾಗಾಗಿ ಬಾಯಿಯ ಅಂಚಿಗೆ ಆಮೇಲೆ ಸೇರಿಸಿದ ಹಿಡಿಕೆ, ಎರಡು ಕಿಲೋ ಈರುಳ್ಳಿ ಹೊತ್ತ ಸಂತೆಯ ದಾರಿಯಲ್ಲಿಯೇ ಉದ್ದವಾಗತೊಡಗುತ್ತದೆ. ಹಿಡಿಕೆಗೆ ಕೊರಿಯರ್ ಕವರಿನ ದಪ್ಪ ಪಟ್ಟಿಯನ್ನು ಬಳಸಿ, ಅದನ್ನು ಚೀಲದ ತಳದಡಿಯಿಂದ ಹಾದು ಎರಡೂ ಬದಿಗೆ ಏರುವಂತೆ ಒಂದೇ ಅಖಂಡ ಪಟ್ಟಿಯಾಗಿ ಹೆಣೆದು ಮೈಗೆ ಕೂಡಿಸಬೇಕು. ಆಗ ಭಾರವೆಲ್ಲ ತಳದ ಪಟ್ಟಿಯ ಮೇಲೆ ಹಂಚಿಹೋಗುತ್ತದೆ, ಬಾಯಿಯ ಅಂಚು ತನ್ನ ಆಕಾರ ಉಳಿಸಿಕೊಳ್ಳುತ್ತದೆ.

ಈ ಕೆಲಸವನ್ನು ಒಂದು ಊರಿನ ಬದುಕನ್ನೇ ಬದಲಿಸುವ ಮಟ್ಟಕ್ಕೆ ಬೆಳೆಸಿದವರು ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ ಇಸಾಟು ಸೀಸೆ. ಎನ್‌ಜಾವ್ ಎಂಬ ಅವರ ಹಳ್ಳಿಯಲ್ಲಿ ಎಸೆದ ಕವರುಗಳ ಮೇಲೆ ನೀರು ನಿಂತು ಸೊಳ್ಳೆ ಹೆಚ್ಚುತ್ತಿತ್ತು, ಮೇಕೆ ದನಗಳು ಅವನ್ನು ತಿಂದು ಸಾಯುತ್ತಿದ್ದವು. 1997ರಲ್ಲಿ ಅವರು ಇನ್ನು ನಾಲ್ವರು ಹೆಂಗಸರನ್ನು ಕೂಡಿಕೊಂಡು ಆ ಕವರುಗಳನ್ನು ಆಯ್ದು, ತೊಳೆದು, ಪಟ್ಟಿ ಮಾಡಿ, ಕ್ರೋಶಾದಲ್ಲಿ ಸಣ್ಣ ಪರ್ಸುಗಳನ್ನು ಹೆಣೆಯತೊಡಗಿದರು. ಕಸ ಮುಟ್ಟುವವರೆಂದು ಊರಿನವರು ಮೂದಲಿಸಿದರೂ ಅವರು ಬಿಡಲಿಲ್ಲ. ಪರ್ಸುಗಳು ಮಾರಾಟವಾಗಿ ಹೆಂಗಸರ ಕೈಯಲ್ಲಿ ಸ್ವಂತ ದುಡಿಮೆಯ ಹಣ ಓಡಾಡಿದಾಗ ಮೂದಲಿಕೆ ತಾನಾಗಿ ನಿಂತಿತು. ಶಾಲೆಯನ್ನು ನಡುವೆಯೇ ಬಿಡಬೇಕಾಗಿದ್ದ ಹೆಣ್ಣುಮಗಳೊಬ್ಬಳ ಕೈಗೆಲಸ ಇಷ್ಟು ದೂರ ಸಾಗಿತು ಎಂಬುದನ್ನು ನಾನು ಕ್ರೋಶಾ ಕಲಿಯಲು ಬರುವ ಹುಡುಗಿಯರಿಗೆ ತಪ್ಪದೆ ಹೇಳುತ್ತೇನೆ. 2015ರಲ್ಲಿ ಗ್ಯಾಂಬಿಯಾ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು.

ನಮ್ಮ ದೇಶದಲ್ಲಿ ಇದೇ ಪಟ್ಟಿಗಳನ್ನು ಮಗ್ಗಕ್ಕೆ ಏರಿಸಿದವರಿದ್ದಾರೆ. 2001ರ ಭೂಕಂಪದ ನಂತರ ಗುಜರಾತಿನ ಕಛ್‌ನ ಕುಶಲಕರ್ಮಿಗಳಿಗಾಗಿ ರೂಪುಗೊಂಡ ಖಮೀರ್ ಸಂಸ್ಥೆ ಕುಕ್ಮಾದಲ್ಲಿದೆ. ಅಲ್ಲಿ ಹೆಂಗಸರು ಕವರುಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸಿ, ತೊಳೆದು, ಪಟ್ಟಿ ಕತ್ತರಿಸುತ್ತಾರೆ, ನೇಕಾರರು ಅದನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ, ಬಳಸಿ ಕೈಮಗ್ಗದಲ್ಲಿ ಗಟ್ಟಿ ಬಟ್ಟೆ ನೇಯುತ್ತಾರೆ. ಆ ಬಟ್ಟೆಯಿಂದ ಚೀಲ, ಚಾಪೆಗಳಾಗುತ್ತವೆ. ನವಲಗುಂದದ ಹೆಂಗಸರು ನೇಯುವ ಜಮಖಾನದ ದಟ್ಟ ಹೊಕ್ಕನ್ನು ಬಲ್ಲ ನಮಗೆ, ಈ ನೇಯ್ಗೆ ನಮ್ಮಲ್ಲಿಯೂ ಬೇರೂರಬಲ್ಲದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುವ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು, ಯಲ್ಲಾಪುರ ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಒಂದು ಚೂರು ಬಟ್ಟೆಯನ್ನೂ ಎಸೆಯದವರು. ಕೌದಿಯಲ್ಲಿ ಚೂರುಗಳನ್ನು ಜೋಡಿಸುವಾಗ ಅವರು ಬಣ್ಣಗಳ ಹೊಂದಿಕೆಯನ್ನು ನೋಡುವ ರೀತಿಯನ್ನೇ ನಾನು ಕವರಿನ ಚಾಪೆಯಲ್ಲಿ ಅನುಸರಿಸುತ್ತೇನೆ. ಬಿಳಿ, ಕಪ್ಪು, ನೀಲಿ ಕವರುಗಳು ಹೇರಳವಾಗಿ ಸಿಗುತ್ತವೆ. ಕೆಂಪು, ಹಳದಿ ಅಪರೂಪ. ಆದ್ದರಿಂದ ಅಪರೂಪದ ಬಣ್ಣವನ್ನು ಅಂಚಿಗೆ ಮೀಸಲಿಟ್ಟು, ಹೇರಳವಾದದ್ದನ್ನು ಒಡಲಿಗೆ ಬಳಸಿದರೆ ಚಾಪೆಗೆ ಒಂದು ಗಾಂಭೀರ್ಯ ಬರುತ್ತದೆ.

ಹೆಣೆಯುವ ಬದಲು ಕವರುಗಳನ್ನು ಇಸ್ತ್ರಿಯಿಂದ ಬೆಸೆದು ಹಾಳೆ ಮಾಡುವ ಇನ್ನೊಂದು ಕ್ರಮವೂ ಇದೆ. ದಿಲ್ಲಿಯ ಕನ್ಸರ್ವ್ ಇಂಡಿಯಾ ಸಂಸ್ಥೆಯ ಅನಿತಾ ಅಹುಜಾ ಅವರು ಬಣ್ಣವನ್ನೇ ಸೇರಿಸದೆ, ಕವರುಗಳ ಸ್ವಂತ ಬಣ್ಣದಿಂದಲೇ ವಿನ್ಯಾಸ ಮೂಡಿಸಿ ಯಂತ್ರದಲ್ಲಿ ಒತ್ತಿದ ಹಾಳೆಗಳಿಂದ ಚೀಲಗಳನ್ನು ಮಾಡಿಸಿ ಹೆಸರಾದರು. ಮನೆಯಲ್ಲಿ ಆರರಿಂದ ಎಂಟು ಪದರವನ್ನು ಬೇಕಿಂಗಿನ ಬಟರ್ ಪೇಪರಿನ ನಡುವೆ ಇಟ್ಟು ಹದ ಬಿಸಿಯ ಇಸ್ತ್ರಿ ಆಡಿಸಿದರೆ ಇಂಥ ಹಾಳೆ ಸಿಗುತ್ತದೆ. ಕಡಿಮೆ ಸಾಂದ್ರತೆಯ ಪಾಲಿಥಿನ್ ಸುಮಾರು 110 ಡಿಗ್ರಿಯಲ್ಲಿ, ಹೆಚ್ಚು ಸಾಂದ್ರತೆಯದು 130ರ ಆಸುಪಾಸಿನಲ್ಲಿ ಕರಗುತ್ತದೆ. ಹತ್ತಿ ಬಟ್ಟೆಗೆ ಇಡುವ ಬಿಸಿ ಇದಕ್ಕೆ ಅತಿಯಾಗುತ್ತದೆ, ಹಾಳೆಯಲ್ಲಿ ತೂತು ಬೀಳುತ್ತದೆ. ಕಿಟಕಿಗಳೆಲ್ಲ ತೆರೆದಿರಬೇಕು, ಮಕ್ಕಳು ಹತ್ತಿರ ಇರಬಾರದು, ಹೊಗೆ ಕಂಡ ಕೂಡಲೇ ನಿಲ್ಲಿಸಬೇಕು. ಪಿ.ವಿ.ಸಿ. ಹಾಳೆಗಳನ್ನು ಇದಕ್ಕೆ ಎಂದಿಗೂ ಬಳಸಬಾರದು. ಬೆಸೆದ ಹಾಳೆಯನ್ನು ಹೊಲಿಯುವಾಗ ಟಾಕುಗಳ ನಡುವೆ ಅಂತರ ಹೆಚ್ಚಿರಲಿ, ಇಲ್ಲವಾದರೆ ಸೂಜಿಯ ತೂತುಗಳ ಸಾಲಿನುದ್ದಕ್ಕೂ ಹಾಳೆ ಹರಿಯುತ್ತದೆ. ನನಗೆ ಈ ಕ್ರಮಕ್ಕಿಂತ ಕ್ರೋಶಾವೇ ಹೆಚ್ಚು ಮೆಚ್ಚುಗೆ: ಅದಕ್ಕೆ ಬಿಸಿ ಬೇಡ, ವಿದ್ಯುತ್ ಬೇಡ, ಬಸ್ಸಿನಲ್ಲಿ ಕೂತೂ ಹೆಣೆಯಬಹುದು.

ಕೆಲವು ಕಟ್ಟುನಿಟ್ಟುಗಳನ್ನು ನಾನು ಎಲ್ಲ ಕೆಲಸದಲ್ಲೂ ಪಾಲಿಸುತ್ತೇನೆ. ಊಟ ತಿಂಡಿ ತಾಗುವ ಯಾವ ವಸ್ತುವನ್ನೂ ಬಳಸಿದ ಕವರಿನಿಂದ ಮಾಡುವುದಿಲ್ಲ, ಒಲೆಯ ಬಳಿ ಇಡುವ ಮಸಿಬಟ್ಟೆಯನ್ನಂತೂ ಮಾಡುವುದೇ ಇಲ್ಲ. ಬಿಸಿಲಿನಲ್ಲಿ ಸದಾ ಬಿದ್ದಿರುವ ಕುಂಡದ ಹೊದಿಕೆ, ತಾರಸಿಯ ಹಾಸು ಇವನ್ನೂ ಬಿಟ್ಟಿದ್ದೇನೆ, ಏಕೆಂದರೆ ಸೂರ್ಯನ ನೇರಳಾತೀತ ಕಿರಣಗಳಿಗೆ ಪಾಲಿಥಿನ್ ಕೆಲವೇ ತಿಂಗಳಲ್ಲಿ ಪೆಡಸಾಗಿ ಚೂರುಚೂರಾಗಿ ಗಾಳಿ ಸೇರುತ್ತದೆ. ಒಳಗೆ ಬಟ್ಟೆಯ ಅಸ್ತರಿ, ಜಿಪ್ಪು, ಮಣಿ, ಅಂಟು ಯಾವುದನ್ನೂ ಸೇರಿಸುವುದಿಲ್ಲ. ಗುಂಡಿ ಬೇಕೆನಿಸಿದರೆ ಅದನ್ನೂ ಕವರಿನ ದಾರದಲ್ಲಿಯೇ ಹೆಣೆಯುತ್ತೇನೆ. ಬಣ್ಣ ಚೆಂದವಿದೆಯೆಂದು ಹೊಸ ಕವರು ಕೊಂಡು ಹೆಣೆಯುವವರನ್ನು ಕಂಡಾಗ ನನಗೆ ನಿಜಕ್ಕೂ ದುಃಖವಾಗುತ್ತದೆ. ಸಂತೆಗೆ ಹೊರಟಾಗ ಕೈಯಲ್ಲಿ ಬಟ್ಟೆಚೀಲ ಇರಬೇಕು, ಅದನ್ನೂ ಮೀರಿ ಮನೆಗೆ ಬಂದ ಕವರಿಗೆ ಮಾತ್ರ ಕ್ರೋಶಾ ಸೂಜಿ.

ಅಂಟು ಅಸ್ತರಿ ಸೇರಿಸದೆ ಇರುವುದರ ಪ್ರಯೋಜನ ವಸ್ತು ಹಳೆಯದಾದಾಗ ತಿಳಿಯುತ್ತದೆ. ಕ್ರೋಶಾದ ಕೊನೆಯ ಗಂಟನ್ನು ಬಿಚ್ಚಿ ಎಳೆದರೆ ಇಡೀ ಚಾಪೆ ಮತ್ತೆ ದಾರವಾಗುತ್ತದೆ. ನಮ್ಮ ಹಿತ್ತಲ ಬಾಗಿಲ ಚಾಪೆಯ ನಡುಭಾಗ ಈಗ ಸವೆದಿದೆ. ಅದನ್ನು ಬಿಚ್ಚುವಾಗ ಪ್ರತಿ ಕುಣಿಕೆಯನ್ನೂ ಒಮ್ಮೆ ಎಳೆದು ನೋಡಿ, ಗಟ್ಟಿಯಿರುವುದನ್ನು ಹೊಸ ಉಂಡೆಗೆ ಸುತ್ತುತ್ತಿದ್ದೇನೆ, ಪೆಡಸಾದದ್ದನ್ನು ತೊಳೆದು ಒಣಕಸದ ಚೀಲಕ್ಕೆ ಹಾಕುತ್ತಿದ್ದೇನೆ. ಉಳಿದ ದಾರ ಪೂರ್ತಿ ಚಾಪೆಗೆ ಸಾಲದು. ಅದರಿಂದ ಸಂತೆಚೀಲದ ತಳ ಹೆಣೆದು, ಮೈಗೆ ಈ ವರ್ಷ ಕೂಡಿಟ್ಟ ನೀಲಿ ಕವರುಗಳನ್ನು ಬಳಸಬೇಕೆಂದಿದ್ದೇನೆ.